ಗಿರ್ಮಿಟ್ ಮೇಲೆ ಬಂದ ಅಪವಾದ

ಭಾಂಡುಪ್, ಮುಂಬೈ
೨೪ ಅಕ್ಟೋಬರ್ ೨೦೨೪

ಪ್ರೀತಿಯ ಸುಪ್ರಜಾ,

ಹೇಗಿದ್ದೀಯ ತಾಯಿ? ಗಂಟಲು ನೋವು ಹೋಯಿತೇ? ಫೋನಿನಲ್ಲಿ ಕೇಳಿದರೆ ‘ಚೆನ್ನಾಗಿದ್ದೀನಿ ಅತ್ತೆ’ ಅನ್ನುತ್ತೀಯ, ಹಿಂದೆಯೇ ಕೆಮ್ಮುತ್ತೀಯ. ಮಲಗುವಾಗ ಹಾಲಿಗೆ ಮೆಣಸಿನಪುಡಿ ಹಾಕಿಕೊಂಡು ಕುಡಿ, ಕಾಳುಮೆಣಸು, ಮತ್ತೆ ಕೆಂಪು ಮೆಣಸಿನಪುಡಿ ಹಾಕಿಕೊಂಡೀಯ! ಬ್ಯಾಂಕಿನವರು ಪ್ರಮೋಷನ್ ಕೊಟ್ಟ ಹಾಗೆ ಮಾಡಿ ಗುವಾಹಟಿಗೆ ಎತ್ತಿ ಹಾಕಿದರು, ಆ ಸಾಸಿವೆ ಎಣ್ಣೆಯ ಅಡುಗೆ ನಿನಗೆ ಒಗ್ಗಿತೋ ಇಲ್ಲವೋ ಅಂತ ದಿನವೂ ಅಂದುಕೊಳ್ಳುತ್ತೇನೆ. ಇಲ್ಲಿ ಮಂಡಿಯೊಂದು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ನಿನ್ನ ಗಂಡ, ನಮ್ಮ ರೋಹಿತ್, ಅವನೂ ಈಗ ಚೆನ್ನಾಗಿದ್ದಾನೆ. ‘ಈಗ’ ಅಂತ ಯಾಕೆ ಬರೆದೆ ಅಂತ ಗಾಬರಿಯಾಗಬೇಡ, ಹೇಳುತ್ತೇನೆ. ಫೋನಿನಲ್ಲಿ ಹೇಳೋಣ ಅಂದರೆ ಅವನು ಪಕ್ಕದಲ್ಲೇ ಕೂತಿರುತ್ತಾನೆ. ಅಲ್ಲದೆ ಕೋಪ ಬಂದರೆ ನನಗೆ ಮಾತು ತೊದಲುತ್ತದೆ. ಪೆನ್ನು ತೊದಲುವುದಿಲ್ಲ.

ನಮ್ಮ ಗೇಟಿನ ಹತ್ತಿರ ಸಂಜೆ ಗಿರ್ಮಿಟ್, ಮಿರ್ಚಿ ಭಜಿ ಮಾರುವ ಇಂದ್ರಾಬಾಯಿಯ ವಿಷಯ ಇದು. ವಿಜಾಪುರದ ಕಡೆಯವಳು, ಹಿಂದಿನ ಗಲ್ಲಿಯ ಚಾಳಿನ ಒಂದು ರೂಮಿನಲ್ಲಿ ಇರುವವಳು. ಆಫೀಸಿನಿಂದ ಬರುವಾಗ ನೀನೇ ಎಷ್ಟು ಸಲ ಕಟ್ಟಿಸಿಕೊಂಡು ಬಂದಿಲ್ಲ! ಗಿರ್ಮಿಟ್‌ಗೆ ಕಲಸುವ ಮಂಡಕ್ಕಿಯನ್ನು ನಾವು ಮೈಸೂರು ಕಡೆಯವರು ಪುರಿ ಅನ್ನುತ್ತೇವೆ, ಅವಳು ಚುರುಮುರಿ ಅನ್ನುತ್ತಾಳೆ, ಇಲ್ಲಿನವರು ಕುರ್ಮುರಾ ಅನ್ನುತ್ತಾರೆ, ತಿನ್ನುವಾಗ ಎಲ್ಲರ ಬಾಯಿಗೂ ಒಂದೇ. ಇಷ್ಟು ವರ್ಷದಲ್ಲಿ ಅವಳ ಕೈಯದು ತಿಂದು ಈ ಬಿಲ್ಡಿಂಗಿನಲ್ಲಿ ಒಬ್ಬರಿಗೂ ಹೊಟ್ಟೆ ಕೆಟ್ಟಿದ್ದು ನಾನು ಕೇಳಿಲ್ಲ. ಮೂರನೇ ಮಹಡಿಯ ಅಮಿತ ಸೊಸೈಟಿ ಸೆಕ್ರೆಟರಿ ಆದನಲ್ಲ, ಅವನು ಕುರ್ಚಿಯಲ್ಲಿ ಕೂತು ಮಾಡಿದ ಮೊದಲ ಕೆಲಸ ಅವಳನ್ನು ಎಬ್ಬಿಸಿದ್ದು. ಲಿಫ್ಟ್ ರಿಪೇರಿ ಮಾಡಿಸಲಿಲ್ಲ, ಟೆರೇಸ್ ಸೋರುವುದು ನಿಲ್ಲಿಸಲಿಲ್ಲ. ರಸ್ತೆಯ ತಿಂಡಿ ಕೊಳಕು, ಗೇಟಿನ ಎದುರು ಕಡಾಯಿ ಬೇಡ ಅಂತ ವಾಚ್‌ಮನ್ ಕೈಲಿ ಹೇಳಿಸಿದ. ಅವಳು ಜಗಳ ಆಡಲಿಲ್ಲ, ಬುಟ್ಟಿ ಎತ್ತಿಕೊಂಡು ಸ್ಟೇಷನ್ ರಸ್ತೆಗೆ ಹೋದಳು.

ಆಮೇಲೆ ಇವರಿಗೇ ಬಾಯಿ ಚಪಲ ಶುರುವಾಯಿತು. ಚಾಟ್ ಬೇಕು, ಆದರೆ ರಸ್ತೆಯದು ಬೇಡ. ಭಾನುವಾರ ಎಲ್ಲ ಮನೆಯವರೂ ಒಂದೊಂದು ತಿಂಡಿ ಮನೆಯಲ್ಲೇ ಮಾಡಿ ಟೆರೇಸಿಗೆ ತರಬೇಕು, ಎಲ್ಲ ‘ಘರ್ ಕಾ, ಸಾಫ್ ಸುಥ್ರಾ’, ಮನೆಯದೇ, ಶುಚಿಯಾದದ್ದೇ, ಅಂತ ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರು. ಒಬ್ಬರು ರಗಡಾ, ಒಬ್ಬರು ದಾಬೇಲಿ, ಅಮಿತನ ಮನೆಯವರು ಪಾನಿಪುರಿ. ನಾನು ಗಿರ್ಮಿಟ್ ಅಂತ ಬರೆಸಿದೆ. ಹಟಕ್ಕೇ ಬರೆಸಿದೆ, ಸುಳ್ಳು ಯಾಕೆ ಹೇಳಲಿ. ಬರೆಸಿದ ಮೇಲೆ ಇಂದ್ರಾಬಾಯಿಯ ರೂಮಿಗೆ ಹೋಗಿ, ಬಾ, ನಮ್ಮ ಅಡುಗೆಮನೆಯಲ್ಲಿ ಇಬ್ಬರೂ ಸೇರಿ ಮಾಡೋಣ ಅಂದೆ. ‘ಅಕ್ಕಾರ, ನಾ ಬಂದ್ರ ಮಂದಿ ಏನ್ ಅಂತಾರ್ರೀ’ ಅಂತ ಹಿಂದೆಗೆದಳು. ನಮ್ಮ ಗ್ಯಾಸು, ನಮ್ಮ ಬಾಣಲೆ, ನಮ್ಮ ಫಿಲ್ಟರ್ ನೀರು, ಇದಕ್ಕಿಂತ ಮನೆಯದು ಇನ್ನೇನಿದೆ ಅಂತ ಕೈ ಹಿಡಿದು ಕರೆದುಕೊಂಡು ಬಂದೆ.

ಆ ಮಧ್ಯಾಹ್ನ ಎಷ್ಟು ಚೆನ್ನಾಗಿತ್ತು ಗೊತ್ತೇನೇ! ನೀನು ಹೋದ ಮೇಲೆ ಆ ಅಡುಗೆಮನೆಯಲ್ಲಿ ಎರಡು ದನಿ ಕೇಳಿದ್ದು ಅವತ್ತೇ. ಅವಳು ಈರುಳ್ಳಿ, ಟೊಮೆಟೊ ಬಾಡಿಸಿ ಹುಣಸೆರಸ ಹುಯ್ದಳು, ನಾನು ಬೆಲ್ಲ ಜಾಸ್ತಿ ಹಾಕಲು ಹೋದೆ, ‘ನಿಮ್ಮ ಮೈಸೂರ ಸೀ ಇದರಾಗ ಬ್ಯಾಡ್ರಿ’ ಅಂತ ಕೈ ತಡೆದಳು. ಹುರಿಗಡಲೆ ಪುಡಿ ಮಾಡುವಾಗ ಅವಳ ಊರಿನ ಮದುವೆಯದೊಂದು ಕಥೆ ಹೇಳಿದಳು, ಬೀಗರು ಮುನಿಸಿಕೊಂಡು ಊಟ ಬಿಟ್ಟು ಬರೀ ಮಿರ್ಚಿ ಭಜಿಯನ್ನೇ ಮುಗಿಸಿದ್ದು. ನಕ್ಕು ನಕ್ಕು ನನ್ನ ಕೈಯಲ್ಲಿದ್ದ ಪುಡಿಯೆಲ್ಲ ನೆಲಕ್ಕೆ ಚೆಲ್ಲಿತು. ಪಾತ್ರೆ ತೊಳೆಯಲು ಬಂದ ಚಂಪಾ ಕೂಡ ಬೈಯದೆ ಗುಡಿಸಿದಳು.

ಟೆರೇಸಿನಲ್ಲಿ ನಮ್ಮ ಮೇಜಿನ ಹತ್ತಿರ ಇಂದ್ರಾಬಾಯಿಯನ್ನು ಕಂಡ ಕೂಡಲೇ ಕೆಲವರ ಮುಖ ಹುಳ್ಳಗಾಯಿತು. ನಾಲ್ಕು ಜನ ಬಂದು ತಿಂದರು, ಮಿಕ್ಕವರು ದೂರದಿಂದಲೇ ನಕ್ಕು ಪಾನಿಪುರಿಯ ಕಡೆ ಹೋದರು. ಅಲ್ಲಿ ಜಾತ್ರೆಯೋ ಜಾತ್ರೆ. ಅಕ್ಟೋಬರ್ ಬಿಸಿಲು, ತಣ್ಣಗೆ ಪುದೀನ ಪಾನಿ, ಕೈಗೆಲ್ಲ ಪ್ಲಾಸ್ಟಿಕ್ ಗವಸು. ನಿನ್ನ ಗಂಡ ಅಲ್ಲಿಂದ ಕದಲಲೇ ಇಲ್ಲ. ಇಲ್ಲಿ ಗಿರ್ಮಿಟ್ ಉಳಿಯಿತು. ನಾನು, ಇಂದ್ರಾಬಾಯಿ, ಚಂಪಾ, ವಾಚ್‌ಮನ್ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಬಿರಿಯ ತಿಂದೆವು.

ಮಾರನೆಯ ದಿನ ಬೆಳಗಾಗುವಷ್ಟರಲ್ಲಿ ಅರ್ಧ ಬಿಲ್ಡಿಂಗಿಗೆ ವಾಂತಿ, ಭೇದಿ. ಮಕ್ಕಳು ಶಾಲೆಗೆ ಹೋಗಲಿಲ್ಲ. ಎದುರು ಮನೆಯ ಅಜ್ಜಿಗೆ ಡ್ರಿಪ್ ಹಾಕಿಸಬೇಕಾಯಿತು. ರೋಹಿತ್ ಬಾತ್‌ರೂಮಿನಿಂದ ಹೊರಗೆ ಬಂದರೆ ಮತ್ತೆ ಒಳಗೆ. ನಿನಗೆ ಹೇಳಬೇಡ ಅಂತ ನನ್ನ ಕೈ ಹಿಡಿದುಕೊಂಡ, ಅದಕ್ಕೇ ಅವತ್ತು ನೀನು ಫೋನ್ ಮಾಡಿದಾಗ ‘ಮೀಟಿಂಗಿನಲ್ಲಿದ್ದಾನೆ’ ಅಂದೆ. ಈಗ ಗುಣವಾಗಿದ್ದಾನೆ, ನಿನ್ನೆ ಮಾವಿನಕಾಯಿ ಉಪ್ಪಿನಕಾಯಿ ಕೇಳಿದ, ಹಾಗಾಗಿ ಯೋಚನೆ ಬೇಡ.

ಇನ್ನು ಕೇಳು. ಮಧ್ಯಾಹ್ನಕ್ಕೆ ಗ್ರೂಪಿನಲ್ಲಿ ಅಮಿತ ಬರೆದ: ಹೊರಗಿನ ಹೆಂಗಸನ್ನು ಒಳಗೆ ತಂದಿದ್ದರಿಂದಲೇ ಹೀಗಾಯಿತು, ಮುನ್ಸಿಪಾಲಿಟಿಗೆ ದೂರು ಕೊಡುತ್ತೇವೆ ಅಂತ. ಅಷ್ಟಕ್ಕೇ ನನ್ನ ಮೈ ಉರಿಯಿತು. ಆದರೆ ಅದರ ಕೆಳಗೆ ಏನಿತ್ತು ಗೊತ್ತೇನೇ? ನಿನ್ನ ಗಂಡ, ನಾನು ಹೆತ್ತ ಮಗ, ಹಾಸಿಗೆಯಲ್ಲಿ ಮಲಗಿಕೊಂಡೇ ಬರೆದಿದ್ದ: ‘ಸಾರಿ ಎವ್ರಿಒನ್. ಮಮ್ಮಿ ಹಾಗೆ ಮಾಡಬಾರದಿತ್ತು. ವಯಸ್ಸಾಗಿದೆ, ಗೊತ್ತಾಗುವುದಿಲ್ಲ.’ ವಯಸ್ಸಾಗಿದೆಯಂತೆ! ಗೊತ್ತಾಗುವುದಿಲ್ಲವಂತೆ! ನನ್ನ ಪರವಾಗಿ ಕ್ಷಮೆ ಕೇಳಲು ಇವನನ್ನು ಯಾರು ನೇಮಿಸಿದರು? ಯಾಕೋ ಹೀಗೆ ಬರೆದೆ ಅಂದರೆ ‘ಅಮ್ಮ, ಪ್ಲೀಸ್, ಇಶ್ಯೂ ಮಾಡಬೇಡ, ನಾವು ಇಲ್ಲೇ ಇರಬೇಕಲ್ಲ’ ಅಂದ. ಅವಳೂ ಇಲ್ಲೇ ಇರಬೇಕಲ್ಲವೋ ಅಂದೆ. ಗೋಡೆಯ ಕಡೆ ತಿರುಗಿ ಮಲಗಿದ. ಎರಡು ದಿನ ಅವನಿಗೆ ಗಂಜಿ ಕೊಟ್ಟೆ, ಮಾತು ಕೊಡಲಿಲ್ಲ.

ಇಂದ್ರಾಬಾಯಿಯ ರೂಮಿಗೆ ಓಡಿದೆ. ಸುದ್ದಿ ನನಗಿಂತ ಮುಂಚೆ ಹೋಗಿ ಕೂತಿತ್ತು. ಮುನ್ಸಿಪಾಲಿಟಿಯವರು ಬಂದರೆ ನನ್ನ ತಲೆಗೆ ಬರುತ್ತದೆ, ಇನ್ನು ಇಲ್ಲಿ ಕಡಾಯಿ ಇಡಬೇಡ ಅಂತ ಚಾಳಿನ ಮಾಲೀಕ ಹೇಳಿ ಹೋಗಿದ್ದ. ಒಲೆ ತಣ್ಣಗಿತ್ತು. ಕಲಸಿಟ್ಟ ಕಡಲೆಹಿಟ್ಟು ಹುಳಿ ಬಂದಿತ್ತು. ಅವಳು ನನ್ನನ್ನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ‘ನನ್ನ ಕೈಯಾಗಿಂದು ತಿಂದು ಕೂಸುಗಳು ಮಲಗ್ಯಾವಂತಲ್ರಿ ಅಕ್ಕಾರ. ಖರೇನ ನಂದ ತಪ್ಪಿದ್ರ?’ ಅಂತ ಕೇಳಿದಳು. ಅನ್ನ ಮಾರಿ ಬದುಕುವವಳ ಬಾಯಲ್ಲಿ ಆ ಪ್ರಶ್ನೆ ಬರಬಾರದು ಸುಪ್ರಜಾ. ಅವಳಿಗೆ ತನ್ನ ಕೈಯ ಮೇಲೇ ಅನುಮಾನ ಬಂದುಬಿಟ್ಟಿತ್ತು. ನನಗೆ ಅವತ್ತು ಬಂದ ಸಿಟ್ಟು ನಿಮ್ಮ ಮಾವ ಹೋದಾಗ ಆಸ್ಪತ್ರೆಯವರ ಮೇಲೂ ಬಂದಿರಲಿಲ್ಲ.

ವಾಪಸ್ ಬರುವಾಗ ಗೇಟಿನಲ್ಲಿ ವಾಚ್‌ಮನ್ ಕಂಡ. ಗಿರ್ಮಿಟ್ ತಿಂದವರಲ್ಲಿ ಅವನೂ ಒಬ್ಬ, ಕಲ್ಲಿನ ಹಾಗೆ ನಿಂತಿದ್ದ. ನಿನಗೇನೂ ಆಗಲಿಲ್ಲವೇನಪ್ಪ ಅಂದೆ. ಇಲ್ಲ ಅಂದ. ಚಂಪಾಗೆ ಆಗಿಲ್ಲ, ನನಗೆ ಆಗಿಲ್ಲ, ಇಂದ್ರಾಬಾಯಿಗೆ ಆಗಿಲ್ಲ. ಹಾಗಾದರೆ ಆಗಿದ್ದು ಯಾರಿಗೆ? ನಾನು ಮನೆ ಮನೆಗೆ ಹೋದೆ. ಹೇಗಿದ್ದೀರಿ ಅಂತ ವಿಚಾರಿಸುವ ನೆಪ. ಮಲಗಿದವರೆಲ್ಲ ಪಾನಿಪುರಿ ತಿಂದವರು, ಅದರಲ್ಲೂ ಆ ತಣ್ಣನೆಯ ಪಾನಿಯನ್ನು ಲೋಟದಲ್ಲಿ ಕೇಳಿ ಕುಡಿದವರಿಗೆ ಜಾಸ್ತಿ. ಗಿರ್ಮಿಟ್ ಅನ್ನು ಮುಟ್ಟಿಯೂ ನೋಡದವರು ಎಷ್ಟೋ ಜನ ಅವರಲ್ಲಿದ್ದರು. ಪಾನಿ ತಣ್ಣಗಾಗಿದ್ದು ಹೇಗೆ ಅಂತ ವಾಚ್‌ಮನ್‌ನನ್ನೇ ಕೇಳಿದೆ. ಆ ಕಡೆ ಈ ಕಡೆ ನೋಡಿ ಹೇಳಿದ: ಫ್ರಿಜ್ಜಿನ ಐಸ್ ಸಾಲದೆ ಅಮಿತ ಸ್ಕೂಟರಿನಲ್ಲಿ ಮೀನು ಮಾರ್ಕೆಟ್ಟಿಗೆ ಹೋಗಿ, ಮೀನಿನ ಮೇಲೆ ಹಾಕುತ್ತಾರಲ್ಲ, ಆ ಐಸಿನ ಗಡ್ಡೆ ಗೋಣಿಚೀಲದಲ್ಲಿ ಸುತ್ತಿ ತಂದಿದ್ದ. ನೀರಿನ ಪಂಪಿನ ಪಕ್ಕದಲ್ಲಿಟ್ಟು ಸುತ್ತಿಗೆಯಲ್ಲಿ ಒಡೆದದ್ದು ಈ ವಾಚ್‌ಮನ್ನೇ.

ನಮ್ಮ ಕ್ಲಿನಿಕ್ಕಿನ ಡಾಕ್ಟರನ್ನು ಕೇಳಿದೆ. ‘ಅದು ಕುಡಿಯೋ ನೀರಿನ ಐಸ್ ಅಲ್ಲಮ್ಮ, ಯಾರು ಹಾಕಿದ್ದು?’ ಅಂತ ತಲೆ ಚಚ್ಚಿಕೊಂಡರು. ಬುಧವಾರ ಸಂಜೆ ಸೊಸೈಟಿ ಆಫೀಸಿನಲ್ಲಿ ಮೀಟಿಂಗ್. ಅಮಿತ ಮುನ್ಸಿಪಾಲಿಟಿಗೆ ಬರೆದ ದೂರನ್ನು ಓದಲು ಶುರುಮಾಡಿದ. ನಾನು ಎದ್ದು ನಿಂತೆ. ತೊದಲಿತು, ಆದರೂ ಬಿಡಲಿಲ್ಲ. ನನ್ನ ಹಿಂದಿ ನಿನಗೆ ಗೊತ್ತಲ್ಲ, ಸಿಟ್ಟಿನಲ್ಲಿ ಅರ್ಧ ಕನ್ನಡ, ಆದರೂ ಎಲ್ಲರಿಗೂ ತಿಳಿಯಿತು. ಏನು ತಿಂದವರು ಮಲಗಿದರು, ಏನು ತಿಂದವರು ಮಲಗಲಿಲ್ಲ ಅಂತ ಹೇಳಿದೆ, ಡಾಕ್ಟರ್ ಹೇಳಿದ್ದೂ ಹೇಳಿದೆ. ಕೊನೆಗೆ, ಐಸ್ ಎಲ್ಲಿಂದ ತಂದೆಯಪ್ಪ, ಅದೊಂದು ಹೇಳು ಅಂದೆ. ಅವನು ನಕ್ಕು, ‘ಆಂಟಿ, ಬರ್ಫ್ ತೋ ಪಾನೀ ಹೀ ಹೈ ನಾ’ ಅಂದ. ಐಸ್ ಅಂದರೆ ನೀರೇ ತಾನೆ ಅಂತೆ! ಡ್ರಿಪ್ ಹಾಕಿಸಿಕೊಂಡ ಅಜ್ಜಿಯ ಮಗ ಅವನ ಮುಖವನ್ನೇ ನೋಡಿದ. ಅಮಿತ ಆ ದೂರನ್ನು ಮಡಚಿ ಜೇಬಿಗೆ ಹಾಕಿಕೊಂಡು, ‘ನೆಕ್ಸ್ಟ್, ಪಾರ್ಕಿಂಗ್’ ಅಂದ.

ಪಾರ್ಕಿಂಗ್ ಕಣೇ! ತಪ್ಪಾಯಿತು ಅಂತ ಒಬ್ಬರ ಬಾಯಿಂದಲೂ ಬರಲಿಲ್ಲ. ಗ್ರೂಪಿನಲ್ಲಿ ಅವಳ ಮೇಲೆ ಬರೆದದ್ದು ಇನ್ನೂ ಹಾಗೇ ಇದೆ. ಹೆಸರು ಕೆಡಿಸಲು ಒಂದು ಮಧ್ಯಾಹ್ನ ಸಾಕಾಯಿತು, ಸರಿಪಡಿಸಲು ಯಾರಿಗೂ ಪುರುಸೊತ್ತಿಲ್ಲ. ಅವಳಿಗೆ ನಾನೇ ಹೋಗಿ ಹೇಳಿದೆ, ನಿನ್ನ ಕೈಯಲ್ಲಿ ದೋಷವಿಲ್ಲ, ಐಸಿನಿಂದ ಆಯಿತು, ಮತ್ತೆ ಗೇಟಿಗೆ ಬಾ ಅಂತ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಅಂದಳು, ‘ಹೊಳ್ಳಿ ಆ ಗೇಟಿನ್ಯಾಗ ಕುಂತು ಮಾರಾಕ ನಾ ಬರಾಂಗಿಲ್ರಿ ಅಕ್ಕಾರ. ನೀವು ಕರದ್ರೂ ಬರಾಂಗಿಲ್ಲ.’ ಸರಿಯಾಗಿ ಹೇಳಿದಳು. ನಾನು ಒತ್ತಾಯ ಮಾಡಲಿಲ್ಲ.

ರೋಹಿತ್ ಮೀಟಿಂಗಿನಲ್ಲಿ ಹಿಂದಿನ ಕುರ್ಚಿಯಲ್ಲಿ ಕೂತಿದ್ದ. ಮನೆಗೆ ಬಂದು ತಾನೇ ಕಾಫಿ ಮಾಡಿ ನನ್ನ ಮುಂದಿಟ್ಟ. ನೀರು ನೀರಾಗಿತ್ತು, ಕುಡಿದೆ. ಗ್ರೂಪಿನಲ್ಲಿ ಬರೆದದ್ದನ್ನು ಅಳಿಸುತ್ತೇನೆ ಅಂದ. ಅಳಿಸಿದರೆ ಏನಾಗುತ್ತದೆ, ಎಲ್ಲರೂ ಓದಿಯಾಯಿತು, ನೀನು ತಿಳಿದದ್ದು ತಪ್ಪು ಅಂತ ಅಲ್ಲೇ ಬರೆ ಅಂದೆ. ಇನ್ನೂ ಬರೆದಿಲ್ಲ. ಬರೆಯುವವರೆಗೂ ಅವನಿಗೆ ನನ್ನ ಕೈಯಿಂದ ಸಾರು ಅನ್ನ ಮಾತ್ರ, ಪಲ್ಯ ಇಲ್ಲ. ನೀನು ಅವನ ಪರ ವಹಿಸಿ ಫೋನ್ ಮಾಡಬೇಡ.

ಬೆಚ್ಚಗೆ ಹೊದ್ದುಕೊಂಡು ಮಲಗು, ತಲೆಸ್ನಾನ ಮಾಡಿ ಒದ್ದೆ ಕೂದಲಲ್ಲಿ ಆಫೀಸಿಗೆ ಓಡಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಬೇಗ ಈ ಕಡೆಗೆ ವರ್ಗವಾಗಲಿ.

ನಿನ್ನ ಅತ್ತೆ,
ವಿಮಲಾ

ಮರೆತೆ. ಕವರ್ ಅಂಟಿಸುವ ಮುಂಚೆ ಒಂದು ಮಾತು. ಇಂದ್ರಾಬಾಯಿಗೆ ಸ್ಟೇಷನ್ ರಸ್ತೆಯಲ್ಲಿ ಕೂತು ಮಾರಲು ಜಾಗವಿದೆ, ಮಾಡಿಕೊಳ್ಳಲು ಜಾಗವಿಲ್ಲ. ನಮ್ಮ ಅಡುಗೆಮನೆಯಲ್ಲಿ ಮಾಡಿಕೊಳ್ಳಲಿ ಅಂದರೆ ರೋಹಿತ್ ‘ಮನೆ ಸುಪ್ರಜಾ ಹೆಸರಿನಲ್ಲಿದೆ, ಅವಳನ್ನು ಕೇಳು’ ಅಂತಾನೆ. ಅದಕ್ಕೇ ಕೇಳುತ್ತಿದ್ದೇನೆ. ಆಗಲಿ ಅನ್ನುವುದಾದರೆ ನನಗೆ ಹೇಳಬೇಡ, ಇಂದ್ರಾಬಾಯಿ ನಮ್ಮ ಮನೆಯಲ್ಲಿ ಅಡುಗೆ ಮಾಡುತ್ತಾಳೆ ಅಂತ ಬಿಲ್ಡಿಂಗಿನ ಗ್ರೂಪಿನಲ್ಲಿ ನಿನ್ನ ಹೆಸರಿನಲ್ಲೇ ಬರೆ, ಅಮಿತ ಓದಲಿ. ಬೇಡ ಅನ್ನುವುದಾದರೆ ಬೇಗ ತಿಳಿಸು, ಯಾಕೆಂದರೆ ಸೋಮವಾರದಿಂದ ಬಾ ಅಂತ ಅವಳಿಗೆ ಆಗಲೇ ಹೇಳಿಬಿಟ್ಟಿದ್ದೇನೆ. ಅಷ್ಟರಲ್ಲಿ ಈ ಕಾಗದ ಗುವಾಹಟಿಗೆ ಬಂದು ತಲುಪದಿದ್ದರೆ ಅದು ಪೋಸ್ಟಿನವರ ತಪ್ಪು, ನನ್ನದಲ್ಲ.