ಮೇಷ್ಟ್ರ ನಡತೆಗೆ ನನ್ನ ಸಾಕ್ಷಿ

ಕೊರಿಂಥ. ಶುಕ್ರವಾರ. ಪುನರುತ್ಥಾನದ ಹಬ್ಬಕ್ಕೆ ಇನ್ನು ಒಂಬತ್ತು ದಿನ.

ಈ ಹಬ್ಬಕ್ಕೆ ಹೆರ್ಮಿಯಾಸ್ ಮೇಷ್ಟ್ರಿಗೆ ದೀಕ್ಷಾಸ್ನಾನ ಆಗಬೇಕಿತ್ತು. ಇನ್ನು ಆಗುವುದಿಲ್ಲ. ನಾನೇ ತಪ್ಪಿಸಿದೆ.

ದೀಕ್ಷೆ ಕೇಳುವವರ ನಡತೆಗೆ ನಮ್ಮ ಕ್ರೈಸ್ತ ಸಭೆಯಲ್ಲಿ ಯಾರಾದರೂ ಸಾಕ್ಷಿ ಹೇಳಬೇಕು. "ಜೋಸಿಮ, ನೀನು ಇವರ ಹತ್ರ ಓದಿದವನಲ್ವಾ? ಹೇಳಪ್ಪ," ಎಂದರು ಸಭೆಯ ಹಿರಿಯರಾದ ಟ್ರೋಫಿಮ. ಆರು ವರ್ಷದಿಂದ ನಾನು ಕಾದಿದ್ದು ಇದೊಂದು ಮಾತಿಗೆ. ಕ್ರೈಸ್ತರು ಕತ್ತೆಯ ತಲೆಗೆ ಕೈಮುಗಿಯುತ್ತಾರೆಂದು ಆಗ ಊರೆಲ್ಲ ಆಡಿಕೊಳ್ಳುತ್ತಿತ್ತು. ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ, "ಎಲ್ಲಿ, ನಿಮ್ಮ ದೇವರ ಭಾಷೇಲೇ ಪಾಠ ಒಪ್ಪಿಸು," ಎಂದು ಕತ್ತೆಯಂತೆ ಅರಚಿಸಿದ್ದರು. ಮರುದಿನದಿಂದ ನಾನು ಶಾಲೆಯ ಕಡೆ ತಲೆ ಹಾಕಲಿಲ್ಲ. ಇಂದು ಅದಿಷ್ಟನ್ನೂ ಹೇಳಿದೆ, ಬೇಕೆಂದೇ ನಿಧಾನವಾಗಿ.

"ನಿಜವೇನ್ರಿ?" ಎಂದು ಹಿರಿಯರು ಮೇಷ್ಟ್ರನ್ನು ಕೇಳಿದರು.

"ನಿಜ. ದನಿ ಸಾಲದು ಅಂತ ಎರಡನೇ ಸಲಾನೂ ಅರಚಿಸಿದೆ. ಹುಡುಗ ಅದನ್ನ ಹೇಳೋದು ಬಿಟ್ಟ," ಎಂದರು ಮೇಷ್ಟ್ರು.

"ಹಾಗಾದ್ರೆ ಮುಂದಿನ ವರ್ಷ ನೋಡೋಣ."

ಮೇಷ್ಟ್ರು ತಲೆಬಾಗಿಸಿ, ದೀಕ್ಷೆಯಾಗದವರು ನಿಲ್ಲುವ ಬಾಗಿಲ ಬಳಿ ಹೋಗಿ ನಿಂತರು. ದೀಕ್ಷೆ ಆಗಿದ್ದರೆ ಪ್ರಾರ್ಥನೆಯ ಕೊನೆಗೆ ಸಭೆಯವರು ಒಬ್ಬರಿಗೊಬ್ಬರು ಕೊಡುವ ಸಮಾಧಾನದ ಮುತ್ತನ್ನು ಆ ಕೆನ್ನೆಗೆ ನಾನು ಕೊಡಬೇಕಾಗುತ್ತಿತ್ತು. ಸದ್ಯ, ತಪ್ಪಿತು.

ಕಳೆದ ಚಳಿಗಾಲದಲ್ಲಿ ಅಮ್ಮ ಜ್ವರದಿಂದ ಮಲಗಿದಾಗ ಸಭೆಯವರೂ ಹೆದರಿ ನಮ್ಮ ಮನೆಗೆ ಕಾಲಿಡಲಿಲ್ಲ. ಹನ್ನೊಂದು ದಿನ ನೀರು ಹೊತ್ತು ತಂದವರು ಇದೇ ಮೇಷ್ಟ್ರು. ಅದನ್ನು ಅವರು ಹೇಳಿಕೊಳ್ಳಲಿಲ್ಲ. ಬಾಯಿವರೆಗೆ ಬಂದದ್ದನ್ನು ನಾನೂ ನುಂಗಿಕೊಂಡೆ.

ಪಶ್ಚಾತ್ತಾಪವಾಗಿದೆ ಎಂದು ಬರೆದು ಅಳಿಸಿದೆ. ಆಗಿಲ್ಲ. ಈಗಲೂ ಖುಷಿಯೇ ಇದೆ.