ನೂರನೇ ದಿನದ ಹೊಲಿಗೆ

ಮಧ್ಯಾಹ್ನ ಒಂದೂವರೆ
ಫೆಬ್ರವರಿ ೩೦, ೨೧೫೩

ರಂಜಿತಾ ಅಜ್ಜಿ,

ನೀರುಗೋಡೆಯ ಪಂಪು ಗೊರಗೊರ ಎಂದ ಸದ್ದಿಗೆ ಎಚ್ಚರವಾಯಿತು. ಮನೆ ಕಾಯದಿರಲೆಂದು ನಾವು ಗೋಡೆಯೊಳಗೆ ನೀರು ಹರಿಸುತ್ತೇವೆ. ಹಗಲು ಮಲಗಿ ರಾತ್ರಿ ದುಡಿಯುತ್ತೇವೆ. ನನಗೆ ಎರಡು ಹೊತ್ತೂ ನಿದ್ದೆಯಿಲ್ಲ. ಫೆಬ್ರವರಿಗೆ ಮೂವತ್ತು ದಿನವೇ ಎಂದು ನಗಬೇಡಿ. ಮೇ ತಿಂಗಳ ಎರಡು ದಿನ ಕಿತ್ತು ಇತ್ತ ಸೇರಿಸಿದ್ದಾರೆ, ಬಿಸಿಲೇನೂ ಕಡಿಮೆಯಾಗಲಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನೂರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಕಳಿಸುತ್ತಿರುವ ಈ ಕಾಗದ ಓದುವಾಗ ನಿಮಗೆ ಇಪ್ಪತ್ತೇಳು, ನನಗೆ ಮೂವತ್ತೊಂದು. ಆದರೂ ನೀವು ನನ್ನ ಅಜ್ಜಿಯ ಅಜ್ಜಿ, ಬೇರೆ ಹೇಗೆ ಕರೆಯಲಿ?

ನಾಳೆ ಬೆಳಿಗ್ಗೆ ಏಳಕ್ಕೆ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ನಿಮ್ಮ ಯೋನಿಯನ್ನು ಬಿಗಿ ಮಾಡುವ ಶಸ್ತ್ರಚಿಕಿತ್ಸೆ ಇದೆ. ಆ ಪದ ಬರೆಯಲು ನನಗೂ ಕೈ ತಡೆಯಿತು. ನಮ್ಮ ಮನೆಯಲ್ಲಿ ಇಂದಿಗೂ ಅದಕ್ಕೆ 'ಅಲ್ಲಿ' ಎಂದೇ ಹೆಸರು. ಹೆರಿಗೆಯಾಗಿ ಮೂರು ತಿಂಗಳು. ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಡುವ ಮುಂಚೆ ಇದೊಂದು ಆಗಿಬಿಡಲಿ ಎಂದು ನೀವೇ ತಾಯಿಯನ್ನು ಒಪ್ಪಿಸಿದಿರಿ. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ನಿಮ್ಮ ತಂಗಿ ಹೇಗಿದ್ದೀಯ ಎಂದು ಕೇಳಿದಾಗ ನೀವು ಕಳಿಸಿದ ಧ್ವನಿ ಸಂದೇಶವನ್ನು ಕಾಪಾಡಿಕೊಂಡು ಬಂದಿದ್ದೇವೆ: "ಏನೂ ಆಗಿಲ್ಲ ಕಣೆ, ಆರಾಮಾಗಿದೀನಿ. ಹೊಸ ಮದುಮಗಳ ಥರ. ನೀನೂ ಹೆತ್ತ ಮೇಲೆ ಮಾಡಿಸ್ಕೊ."

ಆ ಮಾತನ್ನು ನಮ್ಮ ಹೆಂಗಸರು ನಾಲ್ಕು ತಲೆಮಾರು ನಂಬಿದರು. ಮೊದಲು ನಿಮ್ಮ ತಂಗಿ, ನಂತರ ನಿಮ್ಮ ಮಗಳು, ನಂತರ ಓಣಿಗೆ ಓಣಿ. ಈಗ ಅದು ಶಾಸ್ತ್ರ, ನೂರ್ಹೊಲಿಗೆ ಎನ್ನುತ್ತೇವೆ. ನೂರನೇ ದಿನ ಬಾಣಂತಿಗೆ ಎಣ್ಣೆ ನೀರು ಹಾಕಿ, ಹಸಿರು ಸೀರೆ ಉಡಿಸಿ, ಉಡಿ ತುಂಬುತ್ತಾರೆ. ಆಮೇಲೆ ಹೊಲಿಗೆಯಮ್ಮ ಎಂಬಾಕೆ ಪೆಟ್ಟಿಗೆ ಹಿಡಿದು ಒಳಕೋಣೆಗೆ ಬರುತ್ತಾಳೆ. ಹೊರಗೆ ಹೋಳಿಗೆಯ ಊಟ. ನಾನು ಬೇಡವೆಂದೆ. ಸೋದರತ್ತೆ ಗಿರಿಜತ್ತೆ ಎಲ್ಲರೆದುರು, "ನಿನ್ನದೇನು ಚಿನ್ನದ ಮೈಯೇನೇ? ರಂಜಿತಾ ಅಜ್ಜಿನೇ ಆರಾಮಾಗಿದ್ರಂತೆ, ಇವಳದೊಂದು" ಎಂದರು. ಎಲ್ಲರೂ ನಕ್ಕರು. ನಾನು ಒಳಕೋಣೆಗೆ ಹೋಗಿ ಮಲಗಿದೆ.

ಏಳು ತಿಂಗಳಾಯಿತು. ಕೂತರೆ ಸುಡುತ್ತದೆ. ಮಗುವನ್ನು ತೊಡೆಯ ಮೇಲಿಟ್ಟು ಹಾಲೂಡಿಸಲಾರದೆ ಗೋಡೆಗೊರಗಿ ನಿಂತೇ ಊಡಿಸುತ್ತೇನೆ. ಗಂಡ ಪಕ್ಕಕ್ಕೆ ಬಂದರೆ ಹಲ್ಲು ಕಚ್ಚುತ್ತೇನೆ. ಅಜ್ಜಿಗೆ ಆಗದ್ದು ನನಗೇಕಾಯಿತು ಎಂದು ನನ್ನನ್ನೇ ಬೈದುಕೊಂಡಿದ್ದೆ. ಮೊನ್ನೆ ನಿಮ್ಮ ಹಳೆಯ ಕಾಗದಗಳ ತಳದಲ್ಲಿ, ಶಸ್ತ್ರಚಿಕಿತ್ಸೆಯಾದ ಎರಡು ವರ್ಷದ ನಂತರ ಬೇರೊಬ್ಬ ವೈದ್ಯೆ ಬರೆದ ಚೀಟಿ ಸಿಕ್ಕಿತು. ಗಾಯ ಗಂಟುಕಟ್ಟಿದೆ, ಕೂಡುವಾಗ ತೀವ್ರ ನೋವು, ಎರಡು ವರ್ಷದಿಂದ. ನೀವು ಯಾರಿಗೂ ಹೇಳಲಿಲ್ಲ ಅಜ್ಜಿ.

ನಾನು ಜೀವಶಾಸ್ತ್ರ ಓದಿದವಳು, ಆದರೂ ಆಗ ಬಾಯಿಬಿಟ್ಟು ಕೇಳಲಿಲ್ಲ. ನೀವು ಕೇಳಿ. ಹಾಲೂಡಿಸುವ ತಿಂಗಳುಗಳಲ್ಲಿ ಅಲ್ಲಿ ಒಣಗುವುದು, ಸಡಿಲವೆನಿಸುವುದು ಸಹಜ. ಮೈ ತನ್ನ ಹದಕ್ಕೆ ಮರಳಲು ಆರು ತಿಂಗಳು, ಕೆಲವರಿಗೆ ವರ್ಷವೂ ಬೇಕು. ಕೆಮ್ಮಿದರೆ ಮೂತ್ರ ಜಾರುತ್ತದೆ ಎಂದು ನೀವು ತಂಗಿಗೆ ಹೇಳಿದ್ದಿರಿ. ಅದು ನಾಚಿಕೆಯಲ್ಲ, ತೊಂದರೆ; ಅದಕ್ಕೆ ಮೊದಲು ಪರೀಕ್ಷೆ, ಕೆಳಹೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮ, ಆಮೇಲೂ ಬೇಕಾದರೆ ದುರಸ್ತಿಯ ಶಸ್ತ್ರಚಿಕಿತ್ಸೆ. ಗರ್ಭಕೋಶ ಜಾರಿದವರಿಗೆ, ಹರಿದದ್ದು ಸರಿಯಾಗಿ ಕೂಡದವರಿಗೆ ಅದರಿಂದ ಬದುಕೇ ಹಗುರವಾದದ್ದುಂಟು. ನಾಳೆ ನಿಮಗೆ ಮಾಡುವುದು ಅದಲ್ಲ. ಚೆಂದಕ್ಕೆಂದು ಕತ್ತರಿಸಿದರೆ ಸೋಂಕಾಗಬಹುದು, ಸ್ಪರ್ಶ ಸಾಯಬಹುದು, ನೋವು ಉಳಿದುಬಿಡಬಹುದು. ಇನ್ನೊಂದು ಮಗು ಬೇಕೆಂದಿದ್ದೀರಿ. ಆ ಹೆರಿಗೆ ಇದನ್ನೆಲ್ಲ ಮತ್ತೆ ಬಿಚ್ಚೀತು. ಅಷ್ಟಕ್ಕೂ ಸರಿಯಾದ ಆಕಾರ ಎಂಬುದೊಂದಿಲ್ಲ, ಮುಖಗಳ ಹಾಗೆ ಒಬ್ಬೊಬ್ಬರದು ಒಂದೊಂದು. ನಿಮ್ಮ ಗಂಡ ಏನೂ ಅಂದಿಲ್ಲವಂತೆ. ಹಾಗಾದರೆ ಇಷ್ಟು ಅವಸರ ಯಾರದು?

ನನ್ನ ಮೈಗೆ ಆದದ್ದು ಆಯಿತು. ತೊಟ್ಟಿಲಲ್ಲಿರುವುದು ಹೆಣ್ಣುಕೂಸು. ಗಿರಿಜತ್ತೆ ಈಗಲೇ ಅದರ ಕೆನ್ನೆ ಹಿಂಡಿ, ನಿನಗೂ ಒಂದು ದಿನ ಹಸಿರು ಸೀರೆ ಉಡಿಸ್ತೀನಿ ಎನ್ನುತ್ತಾರೆ.

ನಿಮ್ಮಲ್ಲಿ ಈಗ ಸಂಜೆಯಿರಬೇಕು. ತಾಯಿಗೆ ವಿವರಿಸುತ್ತ ಕೂರಬೇಡಿ, ಒಪ್ಪಿಸಿದ ನೀವೇ ಈಗ ಬೇಡವೆಂದರೆ ಅವರು ಗಾಬರಿಯಾಗಿ ಅಳುತ್ತಾರೆ, ನೀವು ಸೋಲುತ್ತೀರಿ. ನೇರ ಆಸ್ಪತ್ರೆಗೇ ಫೋನ್ ಮಾಡಿ, ಅಲ್ಲಿ ಯಾರಾದರೂ ಎತ್ತುತ್ತಾರೆ. ನಾಳೆ ಬರುವುದಿಲ್ಲ, ಇನ್ನೊಬ್ಬ ವೈದ್ಯರಿಗೆ ತೋರಿಸಿ ಯೋಚಿಸುತ್ತೇನೆ ಎನ್ನಿ. ಕಾರಣ ಕೊಡಬೇಕಿಲ್ಲ. ಸಹಿ ಹಾಕಿದ್ದೇನಲ್ಲ ಎಂದು ಹೆದರಬೇಡಿ, ಹಾಕಿದ ಮೇಲೂ ಬೇಡವೆನ್ನಬಹುದು. ನಿಮ್ಮ ಕಾಲಿಗೆ ಬೀಳುತ್ತೇನೆ, ಬೆಳಗಾಗುವ ಮುಂಚೆ ಫೋನ್ ಮಾಡಿ.

ಇಳಾ