ಪುಕ್ಕ ಉದುರಿದ ಹರಕೆ ಕೋಳಿ

ದೊಡ್ಡೇರಿ
೧೧-೧-೧೯೭೯

ಚಿ. ಸೌ. ರಾಜಲಕ್ಷ್ಮಿಗೆ ನಿನ್ನ ಅವ್ವನ ಆಶೀರ್ವಾದ. ಇಲ್ಲಿ ನಾವು ಚೆನ್ನಾಗಿದ್ದೇವೆ, ಕೋಳಿಗಳೂ ಚೆನ್ನಾಗಿವೆ. ಕೋಳಿಗಳ ವಿಷಯ ಮೊದಲೇ ಬರೆದದ್ದೇಕೆಂದರೆ, ನಿಮ್ಮ ಹೊಸಕೋಟೆಯಲ್ಲಿ ಈಗ ನಮಗಿಂತ ನಮ್ಮ ಕೋಳಿಯ ಮಾತೇ ಹೆಚ್ಚಾಗಿದೆಯಂತೆ.

ನಮ್ಮೂರ ಚಿಕ್ಕರಂಗಯ್ಯ ಕಡಲೆಕಾಯಿ ವ್ಯಾಪಾರಕ್ಕೆಂದು ನಿಮ್ಮೂರಿಗೆ ಬಂದವನು ನಿಮ್ಮ ಮನೆಯಲ್ಲಿ ನೀರು ಕುಡಿದು, ಬಾಯಿ ಸುಮ್ಮನಿರಲಾರದೆ, ‘ಹನುಮಕ್ಕನ ಹರಕೆ ಕೋಳಿ ಮೈಯೆಲ್ಲ ಬೋಳಾಗೈತೆ ಕಣಮ್ಮ, ಮಾರಮ್ಮ ಮುನಿಸ್ಕೊಂಡವ್ಳೆ’ ಎಂದನಂತೆ. ನಿನ್ನ ಅತ್ತೆ ಓಬಳಮ್ಮನವರು ಕೇಳಿದ್ದೇ ತಡ, ಸೊಸೆಯ ಹೆಸರಲ್ಲಿ ಬಿಟ್ಟ ಕೋಳಿಗೇ ಹೀಗಾದರೆ ಹೊಟ್ಟೆಯ ಕೂಸಿನ ಗತಿಯೇನು, ಅಂಥ ಮನೆಗೆ ಬಾಣಂತನಕ್ಕೆ ‘ಪಂಪನು ಗಾಕ ಪಂಪನು’ ಎಂದು ತಮ್ಮ ತೆಲುಗಿನಲ್ಲಿ ಅಂದರಂತೆ. ಕಳಿಸಲ್ಲ ಅಂದರೆ ಕಳಿಸಲ್ಲ ಅಂತ. ಈ ಮಾತನ್ನೂ ಅವನೇ ಹೊತ್ತು ತಂದು ನಮ್ಮ ಜಗಲಿಯ ಮೇಲೆ ಇಳಿಸಿದ. ನಾನು ಅವನಿಗೆ ನೀರು ಕೊಡಲಿಲ್ಲ.

ಈಗ ನಡೆದದ್ದನ್ನು ನನ್ನಿಂದ ಕೇಳು. ನಿನಗೆ ಬಸಿರು ನಿಂತಾಗ ಕಾಲಿಗೆ ಅರಿಶಿನದ ದಾರ ಕಟ್ಟಿ ಮಾರಮ್ಮನಿಗೆ ಬಿಟ್ಟ ಕರಿ ಹೇಂಟೆ ಇದೆಯಲ್ಲ, ಅದು ಕಾರ್ತಿಕ ಕಳೆದು ಚಳಿ ಬಿದ್ದ ಮೇಲೆ ಪುಕ್ಕ ಉದುರಿಸತೊಡಗಿತು. ಮೊದಲು ಕತ್ತು, ಆಮೇಲೆ ಬೆನ್ನು, ಕೊನೆಗೆ ಬಾಲ. ಮೊಟ್ಟೆಯನ್ನೂ ನಿಲ್ಲಿಸಿತು. ನನಗೂ ಜೀವ ಹಾರಿತು, ಸುಳ್ಳೇಕೆ ಹೇಳಲಿ. ಕೊಕ್ಕರೆ ರೋಗವೇನೋ ಎಂದು ಕತ್ತು ಹಿಡಿದು ನೋಡಿದೆ, ಸೊಟ್ಟಗಾಗಿರಲಿಲ್ಲ. ರೆಕ್ಕೆ ಎತ್ತಿ ನೋಡಿದೆ, ಹೇನಿರಲಿಲ್ಲ. ರಾಗಿ ಚೆಲ್ಲಿದರೆ ಹುಂಜವನ್ನೇ ಕುಕ್ಕಿ ಓಡಿಸಿ ತಿನ್ನುತ್ತಿತ್ತು. ಆದರೂ ಬೆಳಗಿನ ಮಂಜಿನಲ್ಲಿ ಬೋಳು ಬೆನ್ನು ಕುಗ್ಗಿಸಿಕೊಂಡು ನಡುಗುವುದನ್ನು ನೋಡಲಾರದೆ, ಬಾಣಂತಿಗೆ ಮಾಡುವ ಹಾಗೆ ಹರಳೆಣ್ಣೆಗೆ ಅರಿಶಿನ ಕಲಸಿ ಮೈಗೆಲ್ಲ ಹಚ್ಚಿ, ಕುಕ್ಕೆ ಮುಚ್ಚಿ, ಸಾಂಬ್ರಾಣಿ ಹೊಗೆ ಹಾಕಿದೆ. ಉಳಿದಿದ್ದ ಪುಕ್ಕವೂ ಎಣ್ಣೆಗೆ ಅಂಟಿಕೊಂಡು ಚಳಿ ಇನ್ನೂ ಹೆಚ್ಚಾಯಿತು, ಹೊಗೆಗೆ ಪಾಪ ಉಸಿರು ಕಟ್ಟಿತು. ನಿಮ್ಮಪ್ಪ ಕುಕ್ಕೆ ಎತ್ತಿ, ‘ಲೇ, ಕೋಳಿ ಹಡೆದಿಲ್ಲ ಕಣೆ, ಬುಟ್ಬುಡು ಅದನ್ನ’ ಎಂದು ನಕ್ಕರು. ಬೂದಿ ಉದುರಿಸಿ ಎಣ್ಣೆ ಒರೆಸಿ, ಒಲೆಯ ಪಕ್ಕ ಗೋಣಿಚೀಲ ಹಾಸಿ ಮಲಗಿಸಿದೆ. ಆ ಎಣ್ಣೆ ಬೂದಿಯ ಮೈಯನ್ನು ನೋಡಿಯೇ ಚಿಕ್ಕರಂಗಯ್ಯನಿಗೆ ಮಾರಮ್ಮನ ಮುನಿಸು ಕಂಡದ್ದು. ಮುನಿಸಲ್ಲ ಅದು, ನನ್ನ ಹರಳೆಣ್ಣೆ.

ಪೂಜಾರಿ ಚಿಕ್ಕಹನುಮಯ್ಯನೂ ಬಂದ. ‘ಊನ ಆದ ಕೋಳಿ ಅಮ್ಮನಿಗೆ ಆಗಾಕಿಲ್ಲ ಕಣಕ್ಕ, ಇದನ್ನ ಕೂದು ಸಾರು ಮಾಡ್ಬುಡು, ಬ್ಯಾರೆ ಒಂದ ಬುಡು’ ಎಂದ. ಸಾರು ಅನ್ನುವಾಗ ಅವನ ಮುಖ ನೀನು ನೋಡಬೇಕಿತ್ತು. ‘ಅವಳಿಗೆ ಬುಟ್ಟಿದ್ದು ಬುಟ್ಟಿದ್ದೇ. ಮುನಿಯಂಗಿದ್ರೆ ನನ್ ಮ್ಯಾಲೆ ಮುನೀಲಿ. ಕೋಳಿ ಪುಕ್ಕ ಕೀಳ್ತಾ ಕೂರಾಕೆ ಅವಳಿಗೇನು ಬ್ಯಾರೆ ಕೆಲ್ಸ ಇಲ್ವಾ?’ ಎಂದು ಕಳಿಸಿದೆ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಮಂಗಳವಾರ ಶುಕ್ರವಾರ ಅವಳ ಗುಡಿಗೆ ದೀಪ ಹಚ್ಚುತ್ತಿರುವವಳು ನಾನು. ಅವಳ ಗುಣ ನನಗೆ ಗೊತ್ತು.

ಈಗ ಆ ಬೋಳು ಬೆನ್ನ ಮೇಲೆ ಹೊಸ ಪುಕ್ಕ ಮೊಳೆತಿದೆ. ಕೈಯಾಡಿಸಿದರೆ ಮುಳ್ಳಿನಂತೆ ಚುಚ್ಚುತ್ತದೆ. ಹಳೆಯದನ್ನು ಬಿಟ್ಟು ಹೊಸದನ್ನು ತರುವುದು ಕೋಳಿ ಜಾತಿಗೆ ಇದ್ದದ್ದೇ, ಈ ಸಲ ಚಳಿಯಲ್ಲಿ ಬಂತು, ಅಷ್ಟೆ. ಆದರೆ ಒಂದು ಮಾತು. ಪುಕ್ಕ ಬರದೇ ಹೋಗಿದ್ದರೂ, ಕೋಳಿ ಸತ್ತೇ ಹೋಗಿದ್ದರೂ ನಾನು ಈ ಕಾಗದ ಬರೆಯುತ್ತಿದ್ದೆ. ನನ್ನ ಮಗಳು ಎಲ್ಲಿ ಹಡೆಯಬೇಕೆಂದು ಕೋಳಿಯ ಮೈ ನೋಡಿ ತೀರ್ಮಾನ ಮಾಡುವುದಕ್ಕೆ ನಾನು ಒಪ್ಪುವುದಿಲ್ಲ. ಅತ್ತೆಯವರಿಗೆ ಇದನ್ನು ಮರ್ಯಾದೆಯಿಂದಲೇ ಹೇಳು, ಆದರೆ ಹೇಳು.

ಸೂಲಗಿತ್ತಿ ಕರಿಯಕ್ಕನಿಗೆ ಹೇಳಿಟ್ಟಿದ್ದೇನೆ. ನೀರೊಲೆಗೆ ಸೌದೆ ಒಟ್ಟಿದ್ದೇನೆ. ನೀನು ಅಳುತ್ತಾ ಕೂರಬೇಡ, ಹೊಟ್ಟೆ ತುಂಬ ಉಣ್ಣು.

ಇಂತು ನಿನ್ನ ಅವ್ವ,
ಹನುಮಕ್ಕ

ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಬಿಟ್ಟದ್ದು: ನೀನು ನನ್ನ ಚೊಚ್ಚಲಲ್ಲ ರಾಜಿ. ನಿನಗಿಂತ ಮೊದಲು ಒಂದು ಗಂಡು ಕೂಸಿತ್ತು. ನನ್ನತ್ತೆ ಏನೋ ಅಪಶಕುನವೆಂದು ನನ್ನನ್ನು ತವರಿಗೆ ಕಳಿಸಲಿಲ್ಲ. ಕೂಸು ಉಳಿಯಲಿಲ್ಲ. ನನ್ನವ್ವ ಅವರಿವರ ಕೈಲಿ ಹೇಳಿಕಳಿಸಿ, ಇವತ್ತು ಕಳಿಸುತ್ತಾರೆ ನಾಳೆ ಕಳಿಸುತ್ತಾರೆ ಎಂದು ಮನೆಯಲ್ಲೇ ಕಾದಳು. ನಾನು ಕಾಯುವುದಿಲ್ಲ. ಈ ಕಾಗದವನ್ನು ಅಂಚೆಗೆ ಹಾಕಿಲ್ಲ, ನಾನೇ ತಂದು ನಿನ್ನ ಕೈಗೆ ಕೊಟ್ಟಿದ್ದೇನೆ. ಅತ್ತೆಯವರಿಗೆ ಗಟ್ಟಿಯಾಗಿ ಓದಿ ಹೇಳು. ಆಮೇಲೆ ಸೀರೆ ಕುಪ್ಪಸ ಗಂಟು ಕಟ್ಟಿಕೊಂಡು ಹೊರಗೆ ಬಾ. ನೀನು ಬರುವ ತನಕ ನಾನು ನಿಮ್ಮ ಜಗಲಿಯಿಂದ ಏಳುವವಳಲ್ಲ.